ಇ-ರೀಡರ್ ಕೊಳ್ಳುವ ಮುಂಚೆ ನಿಮ್ಮ ಪುಸ್ತಕಗಳು ಎಲ್ಲಿವೆ ನೋಡಿಕೊಳ್ಳಿ

ಇ-ಪುಸ್ತಕ ಓದಲೆಂದೇ ಮಾಡಿದ ಯಂತ್ರ ಇ-ರೀಡರ್. "ಯಾವ ಇ-ರೀಡರ್ ತಗೊಳ್ಳಲಿ?" ಅಂತ ಕೇಳುವವರು ಜಾಸ್ತಿ ಆಗುತ್ತಲೇ ಇದ್ದಾರೆ. ಅದರ ಬೆನ್ನಿಗೇ "ಅದರಲ್ಲಿ ಕನ್ನಡ ಬರುತ್ತಾ?" ಅನ್ನುವ ಪ್ರಶ್ನೆಯೂ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ. ನೀವು ಓದುವುದು ಬರೀ ಇಂಗ್ಲಿಷ್ ಕಾದಂಬರಿಗಳನ್ನಾದರೆ ಇಷ್ಟೆಲ್ಲ ಓದಬೇಕಿಲ್ಲ. ಅಮೆಜಾನ್‌ನ 6 ಅಥವಾ 7 ಇಂಚಿನ ಕಿಂಡಲ್ ಒಂದನ್ನು ತಗೊಳ್ಳಿ, ಸಾಕು. ಕನ್ನಡವನ್ನೂ ಓದಬೇಕು ಅನ್ನುವವರಿಗೆ ಮಾತ್ರ ಮುಂದಿನದು.

1. ನಿಮಗೆ ಇದು ಬೇಕೇ ಬೇಕಾ?

ಇ-ರೀಡರ್‌ನಲ್ಲಿರುವುದು ಇ-ಇಂಕ್, ಅಂದರೆ ಒಳಗಿಂದ ಬೆಳಕು ಬಿಡದ ಸ್ಕ್ರೀನ್. ಅದರೊಳಗೆ ತುಂಬಾ ಸಣ್ಣ ಗುಳಿಗೆಗಳಿರುತ್ತವೆ, ಒಂದೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ತು ಕೊಟ್ಟಾಗ ಯಾವುದೋ ಒಂದು ಬಣ್ಣ ಮೇಲಕ್ಕೆ ಬರುತ್ತದೆ, ಆಮೇಲೆ ವಿದ್ಯುತ್ತು ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಪುಟ ತಿರುಗಿಸುವಾಗ ಮಾತ್ರ ಸ್ಕ್ರೀನಿಗೆ ಬ್ಯಾಟರಿ ಬೇಕು, ಬಿಸಿಲಲ್ಲಿ ಕೂತರೂ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಇದು ನಿಧಾನ. ವಿಡಿಯೋ ನೋಡೋಣ, ವಾಟ್ಸಾಪ್ ನೋಡೋಣ, ಮಧ್ಯೆ ಒಂಚೂರು ಓದೋಣ ಅನ್ನುವವರು ಟ್ಯಾಬ್ಲೆಟ್ ತಗೊಳ್ಳುವುದೇ ಒಳ್ಳೆಯದು.

2. ಅಂಗಡಿಗೆ ಹೋಗುವ ಮುಂಚೆ ಒಂದು ಪಟ್ಟಿ ಮಾಡಿ

ಇದು ಎಲ್ಲಕ್ಕಿಂತ ಮುಖ್ಯ, ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಮುಂದಿನ ಆರು ತಿಂಗಳಲ್ಲಿ ನೀವು ನಿಜವಾಗಿ ಓದಬೇಕು ಅಂತಿರುವ ಹತ್ತು ಪುಸ್ತಕ ಬರೆದುಕೊಳ್ಳಿ. ಪ್ರತಿಯೊಂದರ ಎದುರಿಗೆ ಅದು ಎಲ್ಲಿ ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ ಅಂತ ಬರೆಯಿರಿ. ಯಾವ ಯಂತ್ರ ಅನ್ನುವುದು ಮುಕ್ಕಾಲು ಪಾಲು ಇಲ್ಲೇ ಇತ್ಯರ್ಥ ಆಗುತ್ತದೆ.

ಕನ್ನಡ ಪುಸ್ತಕಗಳು ಹೆಚ್ಚಾಗಿ ಮೂರು ರೂಪದಲ್ಲಿ ಸಿಗುತ್ತವೆ.

ಮೊದಲನೆಯದು ಆ್ಯಪ್ ಒಳಗಿನ ಪುಸ್ತಕ. ಮೈಲ್ಯಾಂಗ್, ವಿವಿಡ್‌ಲಿಪಿಯಂಥ ಕಡೆ ಹೊಸ ಕನ್ನಡ ಪುಸ್ತಕಗಳು ಬರುತ್ತಿವೆ, ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಇವೆ. ಇಂಥ ಕಡೆ ಕೊಂಡ ಪುಸ್ತಕಕ್ಕೆ ಸಾಮಾನ್ಯವಾಗಿ ಡಿಆರ್‌ಎಂ ಇರುತ್ತದೆ, ಅಂದರೆ ಪ್ರತಿ ಮಾಡದಂತೆ ಹಾಕಿದ ಡಿಜಿಟಲ್ ಬೀಗ. ಆ್ಯಪ್‌ನಲ್ಲಿ ಕೊಂಡದ್ದನ್ನು ಆ್ಯಪ್‌ನಲ್ಲೇ ಓದಬೇಕು. ಪ್ಲೇ ಬುಕ್ಸ್‌ನ ಹಲವು ಪುಸ್ತಕಗಳನ್ನು ಇಳಿಸಿಕೊಳ್ಳಲು ಬಿಡುತ್ತಾರೆ, ಆದರೆ ಅಡೋಬಿ ಕಂಪನಿಯ ಬೀಗದ ಜೊತೆಗೆ. ಕೋಬೋ, ಪಾಕೆಟ್‌ಬುಕ್ ಇ-ರೀಡರ್‌ಗಳಲ್ಲಿ ಆ ಬೀಗ ತೆರೆಯುತ್ತದೆ, ಕಿಂಡಲ್‌ನಲ್ಲಿ ತೆರೆಯುವುದಿಲ್ಲ.

ಎರಡನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಹಳೆಯ ಪುಸ್ತಕ ಬೇಕಾದವರ ದೊಡ್ಡ ಆಸ್ತಿ ಇದೇ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ, ಸರ್ವೆಂಟ್ಸ್ ಆಫ್ ನಾಲೆಡ್ಜ್ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸ್ಕ್ಯಾನ್ ಆದವೂ ಅಲ್ಲೇ ಇವೆ. ಆದರೆ ಇವು ಪುಟದ ಫೋಟೋಗಳು. ಅಕ್ಷರ ದೊಡ್ಡದು ಮಾಡಿದರೆ ಇಡೀ ಪುಟವೇ ದೊಡ್ಡದಾಗಿ ಸ್ಕ್ರೀನಿನ ಆಚೆ ಹೋಗುತ್ತದೆ. ಆರ್ಕೈವ್‌ನಲ್ಲಿ ಪಿಡಿಎಫ್ ಪಕ್ಕದಲ್ಲೇ "ಇಪಬ್" ಅಂತ ಇನ್ನೊಂದು ಕೊಂಡಿ ಕಾಣಿಸಬಹುದು. ಅದನ್ನು ನೋಡಿ ಖುಷಿ ಪಡಬೇಡಿ. ಅದು ಯಂತ್ರವೇ ಫೋಟೋ ಓದಿ ಬರೆದುಕೊಂಡ ಪಠ್ಯ, ಹಳೆಯ ಕನ್ನಡ ಅಚ್ಚಿನ ಮುಂದೆ ಅದರ ಆಟ ನಡೆಯುವುದಿಲ್ಲ. ಎಷ್ಟೋ ಸಲ ಒಂದು ಸಾಲೂ ನೆಟ್ಟಗಿರುವುದಿಲ್ಲ.

ಮೂರನೆಯದು ಇಪಬ್. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುವ ಇ-ಪುಸ್ತಕದ ಫೈಲು ಇದು. ಇ-ರೀಡರ್‌ನ ನಿಜವಾದ ಸುಖ ಇರುವುದು ಇದರಲ್ಲೇ. ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ಇಳಿಸಿಕೊಳ್ಳಬಹುದು, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ, ಕೆಲವು ಪ್ರಕಾಶಕರು ನೇರವಾಗಿ ಕೊಡುತ್ತಾರೆ.

ಮತ್ತೆ ಕಿಂಡಲ್ ಅಂಗಡಿ? 2016ರಲ್ಲಿ ಅದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದೂ ಒಳಗೆ ಹೋದವು, ಕನ್ನಡ ಹೊರಗೇ ಉಳಿಯಿತು. "ಕಿಂಡಲ್ ತಗೊಂಡ್ರೆ ಕನ್ನಡ ಪುಸ್ತಕ ಎಲ್ಲಾ ಸಿಗುತ್ತೆ ಅಲ್ವಾ?" ಅಂತ ಕೇಳುವವರು ಇದನ್ನು ಗಮನಿಸಿ. ಕಿಂಡಲ್‌ನಲ್ಲಿ ಕನ್ನಡ ಓದುವುದು ಅಂದರೆ ಬಹುಪಾಲು ನಾವೇ ತಂದು ಹಾಕಿಕೊಂಡು ಓದುವುದು. ಇದಕ್ಕೆ ಸೈಡ್‌ಲೋಡ್ ಅನ್ನುತ್ತಾರೆ.

3. ಪಟ್ಟಿ ನೋಡಿ ಯಂತ್ರದ ಜಾತಿ ಆರಿಸಿ

ಪಟ್ಟಿಯಲ್ಲಿ ಆ್ಯಪ್ ಪುಸ್ತಕಗಳೇ ಜಾಸ್ತಿ ಇದ್ದರೆ ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರವೇ ಬೇಕು. ಬೂಕ್ಸ್ ಕಂಪನಿಯವು ಇದರಲ್ಲಿ ಹೆಸರಾದವು. ಪ್ಲೇ ಸ್ಟೋರ್ ಇರುತ್ತದೆ, ಫೋನಿನಲ್ಲಿ ಹಾಕಿಕೊಳ್ಳುವ ಆ್ಯಪ್‌ಗಳನ್ನೇ ಇಲ್ಲೂ ಹಾಕಿಕೊಳ್ಳಬಹುದು. ಕಿಂಡಲ್ ಆ್ಯಪ್ ಕೂಡ ಇದರಲ್ಲಿ ಬರುವುದರಿಂದ ಇಂಗ್ಲಿಷಿನ ಸಂಗ್ರಹವೂ ಕೈಬಿಟ್ಟು ಹೋಗುವುದಿಲ್ಲ. ಇದರ ತೊಂದರೆಗಳನ್ನೂ ಕೇಳಿ. ಬ್ಯಾಟರಿ ಕಿಂಡಲ್‌ನಷ್ಟು ಬಾಳುವುದಿಲ್ಲ, ವೈಫೈ ಹಾಕಿಟ್ಟು ಆ್ಯಪ್ ಓಡಿಸಿದರೆ ವಾರಗಳ ಲೆಕ್ಕ ದಿನಗಳಿಗೆ ಇಳಿಯುತ್ತದೆ. ಆ್ಯಪ್‌ಗಳನ್ನು ಮಾಡಿರುವುದು ಫೋನಿಗಾಗಿ, ಹಾಗಾಗಿ ಪುಟ ಮಗುಚುವ ಆ್ಯನಿಮೇಶನ್, ಜಾರಿಸಿ ಓದುವ ಪುಟಗಳು ಇ-ಇಂಕ್ ಮೇಲೆ ಕಲೆಕಲೆಯಾಗುತ್ತವೆ. ಹಿಂದಿನ ಪುಟದ ನೆರಳು ಹೀಗೆ ಉಳಿದುಕೊಳ್ಳುವುದಕ್ಕೆ ಘೋಸ್ಟಿಂಗ್ ಅನ್ನುತ್ತಾರೆ. ಒಂದೊಂದು ಆ್ಯಪ್‌ಗೂ ಬೇರೆ ಬೇರೆ ರಿಫ್ರೆಶ್ ಸೆಟ್ಟಿಂಗ್ ಇಡಬಹುದು, ಆದರೆ ಕೂತು ತಿದ್ದುವ ತಾಳ್ಮೆ ಬೇಕು. ಇನ್ನೊಂದು ಮಾತು: ಇವುಗಳ ಆಂಡ್ರಾಯ್ಡ್ ಆವೃತ್ತಿ ಸಾಮಾನ್ಯವಾಗಿ ಫೋನುಗಳಿಗಿಂತ ಹಿಂದೆ ಇರುತ್ತದೆ. ನಿಮ್ಮ ಆ್ಯಪ್‌ಗೆ ಕನಿಷ್ಠ ಯಾವ ಆವೃತ್ತಿ ಬೇಕು ಅಂತ ಮೊದಲೇ ನೋಡಿಕೊಳ್ಳಿ.

ಇಪಬ್‌ಗಳೇ ಜಾಸ್ತಿಯಾದರೆ ಕೋಬೋ ಅಥವಾ ಪಾಕೆಟ್‌ಬುಕ್ ಹಿತ. ಕೇಬಲ್ ಚುಚ್ಚಿ ಫೈಲು ಎಳೆದು ಹಾಕಿದರೆ ಮುಗಿಯಿತು. ಇವುಗಳಲ್ಲಿ ಕೋರೀಡರ್ ಅನ್ನುವ ಉಚಿತ ಓದುವ ತಂತ್ರಾಂಶವನ್ನೂ ಸುಲಭವಾಗಿ ಹಾಕಿಕೊಳ್ಳಬಹುದು, ಕನ್ನಡಕ್ಕೆ ಅದು ಎಷ್ಟು ಉಪಯೋಗ ಅಂತ ಮುಂದೆ ಹೇಳುತ್ತೇನೆ. ಅಮೆರಿಕ, ಕೆನಡಾದ ಕಡೆ ಇರುವವರಿಗೆ ಕೋಬೋದಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯದ ಇ-ಪುಸ್ತಕಗಳನ್ನು ಯಂತ್ರದಿಂದಲೇ ಎರವಲು ತರುವ ಅನುಕೂಲವೂ ಇದೆ.

ಇಂಗ್ಲಿಷ್ ಮುಕ್ಕಾಲು, ಕನ್ನಡ ಕಾಲು ಅನ್ನುವವರಿಗೆ ಕಿಂಡಲ್ ಸಾಕು. ಕಿಂಡಲ್‌ನ ಹೊಸ ಪೇಪರ್‌ವೈಟ್ ಮಾದರಿ 7 ಇಂಚಿನದು, 2025ರಲ್ಲಿ ಭಾರತಕ್ಕೆ ಬಂದಾಗ 16,999 ರೂಪಾಯಿ ಇತ್ತು, ಮಾರಾಟದ ಹಬ್ಬಗಳಲ್ಲಿ ಇಳಿಯುತ್ತದೆ. ನಿಮ್ಮ ಇಪಬ್ ಅನ್ನು ಅಮೆಜಾನ್‌ನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸಿದರೆ ಅದೇ ಪರಿವರ್ತನೆ ಮಾಡಿಕೊಳ್ಳುತ್ತದೆ. ಇ-ಮೇಲ್‌ನಲ್ಲಾದರೆ 50 ಎಂಬಿ, ವೆಬ್ ಪುಟದಲ್ಲಾದರೆ 200 ಎಂಬಿ ಮಿತಿ. ದೊಡ್ಡ ಸ್ಕ್ಯಾನ್ ಪಿಡಿಎಫ್‌ಗಳು ಇದನ್ನು ದಾಟುವುದುಂಟು, ಆಗ ಕೇಬಲ್ಲೇ ಗತಿ. ಮ್ಯಾಕ್ ಇಟ್ಟುಕೊಂಡವರು ಎಚ್ಚರ: 2024ರ ಕಿಂಡಲ್‌ಗಳು ಪೆನ್‌ಡ್ರೈವ್ ಹಾಗೆ ಫೈಂಡರ್‌ನಲ್ಲಿ ಕಾಣಿಸುವುದಿಲ್ಲ, ಅದಕ್ಕೆ ಬೇರೆ ತಂತ್ರಾಂಶ ಬೇಕು. ಅಮೆಜಾನ್‌ನಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವ ಸೌಲಭ್ಯವನ್ನೂ 2025ರ ಫೆಬ್ರವರಿಯಲ್ಲಿ ತೆಗೆದುಹಾಕಿದ್ದಾರೆ. ಅಲ್ಲಿ ಕೊಂಡದ್ದು ಬಹುಪಾಲು ಅಲ್ಲೇ ಇರುತ್ತದೆ ಅಂತ ತಿಳಿದೇ ಕೊಳ್ಳಿ.

4. ಸ್ಕ್ರೀನಿನ ಅಳತೆ: ಇಲ್ಲಿ ಸೆಂಟಿಮೀಟರಿನಲ್ಲಿ ಯೋಚಿಸಿ

ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ ಅಳೆದದ್ದು, ಹಾಗಾಗಿ ಕೇಳಲು ದೊಡ್ಡದಾಗಿ ಕಾಣುತ್ತದೆ. 6 ಇಂಚಿನ ಸ್ಕ್ರೀನ್ ನಿಜಕ್ಕೂ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ನಮ್ಮ ಕನ್ನಡ ಕಾದಂಬರಿಗಳು ಹೆಚ್ಚಾಗಿ ಅಚ್ಚಾಗುವ 1/8 ಡೆಮಿ ಅಳತೆ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಆ ಪುಟದ ಸ್ಕ್ಯಾನನ್ನು 6 ಇಂಚಿನಲ್ಲಿ ತೋರಿಸಿದರೆ ಅಕ್ಷರ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾಗಿ ಬರುತ್ತದೆ. ಇಂಗ್ಲಿಷನ್ನಾದರೂ ಹೇಗೋ ಓದಬಹುದು. ಕನ್ನಡದಲ್ಲಿ ಕೆಳಗಿನ ಒತ್ತು ಯಾವುದು, ದೀರ್ಘ ಇದೆಯೋ ಇಲ್ಲವೋ ಗೊತ್ತಾಗದೆ ಕಣ್ಣು ಸೋಲುತ್ತದೆ.

10.3 ಇಂಚಿನದು ಸುಮಾರು 15.7 × 21 ಸೆಂ.ಮೀ. ಅಂದರೆ 1/8 ಡೆಮಿ ಪುಟ ಹೆಚ್ಚುಕಮ್ಮಿ ಕಾಗದದಲ್ಲಿದ್ದಷ್ಟೇ ದೊಡ್ಡದಾಗಿ ಕೂರುತ್ತದೆ. ಸಂಶೋಧನೆ ಮಾಡುವವರು, ಹಳೆಯ ಸ್ಕ್ಯಾನ್‌ಗಳಲ್ಲೇ ಮುಳುಗಿರುವವರು ಬೇರೆ ಯೋಚನೆ ಮಾಡದೆ ಇದಕ್ಕೇ ದುಡ್ಡು ಕೂಡಿಸಿ. ಬೆಲೆ ಹೆಚ್ಚು, ಬಸ್ಸಿನಲ್ಲಿ ನಿಂತು ಒಂದೇ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಮಲಗಿ ಓದಿದರೆ ಕೈ ನೋಯುತ್ತದೆ.

ನಡುವಿನ ದಾರಿ 7 ಅಥವಾ 7.8 ಇಂಚು. ಸ್ಕ್ಯಾನ್ ಓದುವಾಗ ಸುತ್ತಲ ಖಾಲಿ ಅಂಚು ಕತ್ತರಿಸಿ, ಯಂತ್ರವನ್ನು ಅಡ್ಡ ಹಿಡಿದು, ಪುಟವನ್ನು ಎರಡು ಭಾಗ ಮಾಡಿ ಓದಿದರೆ 7 ಇಂಚಿನಲ್ಲೂ ಅಕ್ಷರ ದೊಡ್ಡದಾಗಿಯೇ ಬರುತ್ತದೆ. ಅಂಚು ಕತ್ತರಿಸುವ ಸೌಲಭ್ಯ ಕೋರೀಡರ್‌ನಲ್ಲಿದೆ, ಬೂಕ್ಸ್‌ನ ಸ್ವಂತ ಆ್ಯಪ್‌ನಲ್ಲೂ ಇದೆ. ಕೆಟುಪಿಡಿಎಫ್ಆಪ್ಟ್ ಅನ್ನುವ ಉಚಿತ ತಂತ್ರಾಂಶ ಸ್ಕ್ಯಾನ್ ಪುಟದ ಪದಗಳನ್ನು ಚಿತ್ರಗಳಾಗಿಯೇ ಕತ್ತರಿಸಿ ಸಣ್ಣ ಸ್ಕ್ರೀನಿಗೆ ಮತ್ತೆ ಜೋಡಿಸುತ್ತದೆ. ಭಾಷೆ ಯಾವುದಾದರೂ ಅದಕ್ಕೆ ಲೆಕ್ಕವಿಲ್ಲ, ಆದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವಂಥ ಇಕ್ಕಟ್ಟಾದ ಅಚ್ಚಿನಲ್ಲಿ ಎಡವಬಹುದು.

ಪಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನುವ ಲೆಕ್ಕ. 300 ಇದ್ದರೆ ಅಕ್ಷರದ ಅಂಚು ಅಚ್ಚಿನಂತೆ ಕಾಣುತ್ತದೆ. ಹಳೆಯ ಅಗ್ಗದ ಮಾದರಿಗಳಲ್ಲಿ 167 ಇರುತ್ತಿತ್ತು, ಕನ್ನಡಕ್ಕೆ ಅದು ಬೇಡ.

5. ಕನ್ನಡ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ

"ಕನ್ನಡ ಸಪೋರ್ಟ್ ಇದೆ" ಅಂತ ಮಾರುವವರು ಹೇಳಿದರೆ ಅದು ಫಾಂಟ್ ಇದೆ ಅಂತ ಮಾತ್ರ ಇರಬಹುದು. ಫಾಂಟ್ ಇದ್ದರೆ ಸಾಲದು. ವ್ಯಂಜನ, ಒತ್ತು, ಸ್ವರಚಿಹ್ನೆ ಮೂರನ್ನೂ ಸೇರಿಸಿ ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಓದುವ ತಂತ್ರಾಂಶದ್ದು. ಅದಕ್ಕೆ ಆ ಕೆಲಸ ಬಾರದಿದ್ದರೆ ಎಷ್ಟೇ ಒಳ್ಳೆಯ ಫಾಂಟ್ ಹಾಕಿದರೂ ಅಕ್ಷರ ಒಡೆಯುತ್ತದೆ.

ಹೀಗೆ ಮಾಡಿ. ಒಂದು ಸಣ್ಣ ಫೈಲಿನಲ್ಲಿ ಈ ಪದಗಳನ್ನು ಬರೆದುಕೊಳ್ಳಿ: ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ, ಜ್ಞಾನ, ಕೃಷ್ಣ, ಅರ್ಥ, ಕಾರ್ಯ. ಅದನ್ನು ಕ್ಯಾಲಿಬರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇಪಬ್ ಮಾಡಿ. ಇ-ಪುಸ್ತಕಗಳನ್ನು ಜೋಡಿಸಿಡಲು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಲು ಎಲ್ಲರೂ ಬಳಸುವುದು ಇದನ್ನೇ. ಆ ಫೈಲನ್ನು ನಿಮ್ಮ ಮನಸ್ಸಿನಲ್ಲಿರುವ ಯಂತ್ರ ಇರುವ ಗೆಳೆಯರಿಗೆ ಕಳಿಸಿ, ಫೋಟೋ ತೆಗೆದು ಕಳಿಸಲು ಹೇಳಿ. ಇಲ್ಲವಾದರೆ ವಾಪಸ್ ಕೊಡಲು ಅವಕಾಶ ಇರುವ ಕಡೆ ಕೊಂಡು ಅದೇ ದಿನ ನೋಡಿ.

ಫೋಟೋದಲ್ಲಿ ಏನು ನೋಡಬೇಕು? ಒತ್ತಕ್ಷರ ಕೆಳಗೆ ಕೂರದೆ "ಸ್‌ತ್‌ರೀ" ಅಂತ ಬಿಡಿಬಿಡಿಯಾಗಿದೆಯಾ, "ಅರ್ಥ"ದಲ್ಲಿ ಅರ್ಕಾವೊತ್ತು ಥ ಆದಮೇಲೆ ಬರದೆ ಅದಕ್ಕೂ ಮುಂಚೆಯೇ ಬಂದಿದೆಯಾ, ಎಲ್ಲಾದರೂ ಚುಕ್ಕಿ ಚುಕ್ಕಿಯ ವೃತ್ತ ಅಥವಾ ಖಾಲಿ ಚೌಕ ಕಾಣುತ್ತಿದೆಯಾ. ಒಂದು ತಪ್ಪಿದ್ದರೂ ಇಡೀ ಕಾದಂಬರಿ ಓದುವುದು ಹಿಂಸೆ.

ತಪ್ಪು ಕಂಡ ಮಾತ್ರಕ್ಕೆ ಯಂತ್ರವನ್ನು ಬಿಡಬೇಕಿಲ್ಲ, ಮೊದಲು ಫಾಂಟ್ ಬದಲಿಸಿ ನೋಡಿ. ನೋಟೋ ಸೆರಿಫ್ ಕನ್ನಡ, ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ ಎಲ್ಲವೂ ಉಚಿತ. ಕಿಂಡಲ್, ಕೋಬೋ ಎರಡರಲ್ಲೂ "ಫಾಂಟ್ಸ್" ಹೆಸರಿನ ಫೋಲ್ಡರಿಗೆ ಇವನ್ನು ಹಾಕಿದರೆ ಮೆನುವಿನಲ್ಲಿ ಬರುತ್ತವೆ. ಕೋಬೋದಲ್ಲಿ ಇನ್ನೊಂದು ಗುಟ್ಟಿದೆ: ಸಾಮಾನ್ಯ ಇಪಬ್‌ಗೂ ಕೋಬೋದ ಸ್ವಂತ ರೂಪವಾದ ಕೆಪಬ್‌ಗೂ ಒಳಗೆ ಬೇರೆ ಬೇರೆ ಎಂಜಿನ್. ಒಂದರಲ್ಲಿ ಒಡೆದದ್ದು ಇನ್ನೊಂದರಲ್ಲಿ ಸರಿ ಬರಬಹುದು. ಕ್ಯಾಲಿಬರ್‌ನ ಹೊಸ ಆವೃತ್ತಿಗಳು ಕೆಪಬ್ ಮಾಡಿಕೊಡುತ್ತವೆ. ಅದೂ ಆಗದಿದ್ದರೆ ಕೋರೀಡರ್. ಅದು ಹಾರ್ಫ್‌ಬಜ್ ಅನ್ನುವ, ಭಾರತೀಯ ಲಿಪಿಗಳನ್ನು ಚೆನ್ನಾಗಿ ಬಲ್ಲ ಅಕ್ಷರ ಜೋಡಣೆಯ ಎಂಜಿನ್ ಬಳಸುತ್ತದೆ. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಯಂತ್ರಗಳಲ್ಲಿ ತೊಂದರೆಯಿಲ್ಲದೆ ಹಾಕಿಕೊಳ್ಳಬಹುದು. ಕಿಂಡಲ್‌ಗೆ ಹಾಕಬೇಕಾದರೆ ಜೈಲ್‌ಬ್ರೇಕ್ ಮಾಡಬೇಕು, ಅಂದರೆ ಕಂಪನಿ ಹಾಕಿದ ನಿರ್ಬಂಧ ಮುರಿಯಬೇಕು. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನೊಂದು ಹಳ್ಳ ಇದೆ, ಇದಕ್ಕೆ ಬಿದ್ದವರು ಬಹಳ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಯೂನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಪ್ರಪಂಚವೆಲ್ಲ ಒಪ್ಪಿದ ಒಂದೊಂದು ಸಂಖ್ಯೆ. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೇ ಕನ್ನಡದ ಆಕಾರ ಕೂರಿಸಿದವು. ಅಂಥ ಪಿಡಿಎಫ್ ನೋಡಲು ಸರಿಯಾಗಿರುತ್ತದೆ, ಇಪಬ್ ಮಾಡಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯಂತ್ರ ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ, ಕೆಟ್ಟಿರುವುದು ಫೈಲು. ಮೂಲ ಫೈಲು ಸಿಕ್ಕರೆ ನುಡಿ, ಬರಹ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್ ಮಾಡಿ, ಆಮೇಲೆ ಇಪಬ್ ಮಾಡಿ.

6. ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಬೆಚ್ಚನೆಯ ಬೆಳಕು, ಅಂದರೆ ಹಳದಿ ಛಾಯೆಗೆ ಬದಲಿಸಬಹುದಾದ ಮುಂಬೆಳಕು: ರಾತ್ರಿ ಓದುವವರಾದರೆ ಇದಕ್ಕೆ ಕೊಡಿ.

ಬಣ್ಣದ ಸ್ಕ್ರೀನ್: ನನ್ನನ್ನು ಕೇಳಿದರೆ ಬೇಡ. ಈಗ ಹೆಚ್ಚಾಗಿ ಸಿಗುವ ಕೆಲೈಡೋ 3 ಸ್ಕ್ರೀನಿನಲ್ಲಿ ಕಪ್ಪುಬಿಳುಪಿಗೆ 300 ಪಿಪಿಐ, ಬಣ್ಣಕ್ಕೆ 150 ಮಾತ್ರ. ಬಣ್ಣದ ಫಿಲ್ಟರ್ ಮೇಲೆ ಕೂರುವುದರಿಂದ ಹಿನ್ನೆಲೆ ಮಂಕಾಗುತ್ತದೆ, ಬೆಳಕು ಜಾಸ್ತಿ ಇಡಬೇಕಾಗುತ್ತದೆ. ಮಕ್ಕಳಿಗೆ ಚಿತ್ರಪುಸ್ತಕ ತೋರಿಸುವವರು, ಬಣ್ಣ ಹಾಕಿ ಗುರುತು ಮಾಡುವ ವಿದ್ಯಾರ್ಥಿಗಳು ಬೇಕಾದರೆ ಯೋಚಿಸಿ.

ನೀರು ತಡೆ: ಐಪಿಎಕ್ಸ್8 ಅಂತಿದ್ದರೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಲೆಕ್ಕ, 2 ಮೀಟರ್ ಸಿಹಿನೀರಿನಲ್ಲಿ 60 ನಿಮಿಷ. ಮಲೆನಾಡಿನ ಮಳೆಯಲ್ಲಿ ಓಡಾಡುವವರಿಗೆ ಒಳ್ಳೆಯದು, ಉಳಿದವರಿಗೆ ಇದ್ದರೆ ಇರಲಿ.

ಮೆಮೊರಿ: ಇಪಬ್ ಓದುವವರಿಗೆ 8 ಜಿಬಿ ಧಾರಾಳ. ಸ್ಕ್ಯಾನ್ ಪಿಡಿಎಫ್ ತುಂಬುವವರು 32 ನೋಡಿ.

ಬ್ಯಾಟರಿ: "12 ವಾರ" ಅನ್ನುವ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ "ದಿನಕ್ಕೆ ಅರ್ಧ ಗಂಟೆ ಓದಿದರೆ, ವೈರ್‌ಲೆಸ್ ಆಫ್ ಮಾಡಿದರೆ" ಅಂತಿರುತ್ತದೆ. ದಿನಕ್ಕೆ ಎರಡು ಗಂಟೆ ಓದುವವರು ನಾಲ್ಕರಿಂದ ಭಾಗಿಸಿಕೊಳ್ಳಿ.

7. ಕೊಳ್ಳುವಾಗ

ಕೋಬೋ, ಪಾಕೆಟ್‌ಬುಕ್, ಬೂಕ್ಸ್ ಕೊಳ್ಳುವಾಗ ಭಾರತದಲ್ಲಿ ವಾರಂಟಿ ಕೊಡುವವರು ಯಾರು ಅಂತ ಬರಹದಲ್ಲಿ ಕೇಳಿ. ವಿದೇಶದಿಂದ ತರಿಸಿದರೆ ಸುಂಕ ಬೀಳುತ್ತದೆ, ಕೆಟ್ಟರೆ ರಿಪೇರಿಗೆ ಮತ್ತೆ ಅಲ್ಲಿಗೇ ಕಳಿಸಬೇಕಾಗಬಹುದು. ನೆಂಟರು ತಂದುಕೊಡುತ್ತಾರೆ ಅಂದರೂ ಅಷ್ಟೇ.

ಸ್ಕ್ರೀನ್ ಒಡೆದರೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಇ-ಇಂಕ್ ಸ್ಕ್ರೀನಿನ ಒಳಗಿರುವ ತೆಳು ಗಾಜು ಚೀಲದಲ್ಲಿ ಊಟದ ಡಬ್ಬಿ ಒತ್ತಿದರೂ ಬಿರುಕು ಬಿಡಬಲ್ಲದು, ಮೇಲೆ ಗೀರೂ ಕಾಣದೆ ಒಳಗೆ ಅರ್ಧ ಸ್ಕ್ರೀನ್ ಸತ್ತಿರುತ್ತದೆ. ಗಟ್ಟಿ ಕವರನ್ನು ಅವತ್ತೇ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಕತ್ತಲೆಯಲ್ಲಿ ಬೆಳಕು ಹಚ್ಚಿ ಎಲ್ಲಾದರೂ ಮಚ್ಚೆ ಇದೆಯಾ ನೋಡಿ, ಇಪ್ಪತ್ತು ಪುಟ ಬೇಗಬೇಗ ತಿರುಗಿಸಿ, ಚಾರ್ಜಿಂಗ್ ಪಿನ್ ಹಳೆಯ ಮೈಕ್ರೋ ಯುಎಸ್‌ಬಿಯಾ ಟೈಪ್-ಸಿನಾ ನೋಡಿ. ಕಿಂಡಲ್ ಆದರೆ ಮಾರುವವರು ನಿಮ್ಮ ಎದುರಿಗೇ ತಮ್ಮ ಅಮೆಜಾನ್ ಖಾತೆ ತೆಗೆದು, ನಿಮ್ಮ ಖಾತೆ ಹಾಕಿಸಿಕೊಂಡ ಮೇಲೇ ದುಡ್ಡು ಕೊಡಿ. ಕಳ್ಳಮಾಲು ಅಂತ ದೂರು ದಾಖಲಾದ ಯಂತ್ರಕ್ಕೆ ಖಾತೆ ಹತ್ತುವುದಿಲ್ಲ.

8. ಮನೆಗೆ ಬಂದ ಮೇಲೆ

ಮೊದಲು ಮಾಡಬೇಕಾದದ್ದು, ಸಾಲಿನ ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಸೆಟ್ಟಿಂಗ್ ತೆಗೆದು ಎಡಕ್ಕೆ ಹೊಂದಿಸುವುದು. ಕನ್ನಡದಲ್ಲಿ ಪ್ರತ್ಯಯಗಳು ಸೇರಿ ಸೇರಿ ಪದ ಉದ್ದ ಆಗುತ್ತದೆ. ಸಣ್ಣ ಸ್ಕ್ರೀನಿನಲ್ಲಿ ಒಂದು ಸಾಲಿಗೆ ಮೂರು ನಾಲ್ಕು ಪದ ಬಂದು, ಅವನ್ನು ಎಳೆದು ಸಮ ಮಾಡಿದರೆ ಪದಗಳ ನಡುವೆ ಬಯಲು ಬಿದ್ದಿರುತ್ತದೆ. ಆಮೇಲೆ ಸಾಲುಗಳ ಅಂತರ ಇಂಗ್ಲಿಷಿಗಿಂತ ಒಂದು ಹಂತ ಜಾಸ್ತಿ ಇಡಿ, ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಅಕ್ಷರ ತೆಳುವಾಗಿ ಕಂಡರೆ ದಪ್ಪ ಮಾಡುವ ಆಯ್ಕೆ ಕಿಂಡಲ್, ಕೋಬೋ ಎರಡರಲ್ಲೂ ಇದೆ.

ನಿಘಂಟು ಬೇಕು ಅನ್ನುವವರಿಗೆ: ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು "ಅಲರ್" 2019ರಲ್ಲಿ ಮುಕ್ತವಾಗಿ ಬಿಡುಗಡೆಯಾಯಿತು, ಒಂದೂವರೆ ಲಕ್ಷದಷ್ಟು ಪದಗಳಿವೆ. ಅದರ ದತ್ತಾಂಶವನ್ನು ಸ್ಟಾರ್‌ಡಿಕ್ಟ್ ಅನ್ನುವ ನಿಘಂಟು ಫೈಲಿನ ರೂಪಕ್ಕೆ ತಂದರೆ ಕೋರೀಡರ್‌ನಲ್ಲಿ ಪದ ಒತ್ತಿ ಅರ್ಥ ನೋಡಬಹುದು. ಆದರೆ "ಮನೆಯಲ್ಲಿದ್ದವನಿಗೆ" ಅಂತ ಒತ್ತಿದರೆ ಏನೂ ಸಿಗುವುದಿಲ್ಲ, ಹುಡುಕುವ ಜಾಗದಲ್ಲಿ ಪ್ರತ್ಯಯ ಅಳಿಸಿ "ಮನೆ" ಅಂತ ಉಳಿಸಬೇಕು. ಸಂಧಿಯಾದ ಪದಗಳಲ್ಲಂತೂ ಬಿಡಿಸುವ ಕೆಲಸ ನಿಮ್ಮದೇ.

ಕೊನೆಗೆ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ನಿಮ್ಮ ಪಟ್ಟಿಯ ಹತ್ತರಲ್ಲಿ ಒಂದು ಆ್ಯಪ್ ಪುಸ್ತಕ, ಒಂದು ಸ್ಕ್ಯಾನ್, ಒಂದು ಇಪಬ್ ತೆಗೆದು ಒಂದೊಂದರಲ್ಲೂ ಐವತ್ತು ಪುಟ ಓದಿ. ಅಂಗಡಿಯಲ್ಲಿ ಎರಡು ಪುಟ ತಿರುಗಿಸಿದಾಗ ಕಾಣದ ತೊಂದರೆ ಮೂವತ್ತನೇ ಪುಟದಲ್ಲಿ ಕಾಣುತ್ತದೆ. ಕಂಡರೆ ಸುಮ್ನೆ ಇಟ್ಟುಕೊಳ್ಳಬೇಡಿ, ಬಿಲ್ಲು, ಪೆಟ್ಟಿಗೆ ಸಮೇತ ಗಡುವಿನೊಳಗೆ ವಾಪಸ್ ಮಾಡಿ.